ಸೈಕಲ್ಲಿನ ಹುಡುಗನನ್ನು ಬೈಯುವ ಮೊದಲು ನಿಯಮ ಬರೆಯಿರಿ

ನಾನು ಬೆಂಗಳೂರಿನಲ್ಲಿ ಅಡುಗೆ ಮಾಡಿ ಸೈಕಲ್ಲಿನ ಮೇಲೆ ಮನೆಮನೆಗೆ ಊಟ ಕಳಿಸುವವಳು. ಈ ವ್ಯಾಪಾರ ಮಾಡುವವರ ಹೊಣೆ ಏನು, ಹಕ್ಕು ಏನು ಎಂದು ತಿಳಿಸುವ ಒಂದೇ ಒಂದು ಹಾಳೆಯನ್ನು ಇಷ್ಟು ವರ್ಷಗಳಲ್ಲಿ ಯಾವ ಕಚೇರಿಯವರೂ ನನ್ನ ಕೈಗೆ ಕೊಟ್ಟಿಲ್ಲ. ಹಾಳೆ ಇಲ್ಲದ್ದರಿಂದ ನಮಗೆ ಆರಾಮ ಎಂದು ಯಾರಾದರೂ ತಿಳಿದಿದ್ದರೆ ಒಂದು ದಿನ ನಮ್ಮ ಹುಡುಗರ ಹಿಂದೆ ಬಂದು ನೋಡಲಿ. ಬರೆದ ನಿಯಮ ಇಲ್ಲದ ಕಡೆ ಸಿಕ್ಕಸಿಕ್ಕವರೆಲ್ಲ ನಿಯಮ ಮಾಡುತ್ತಾರೆ. ಗೇಟಿನ ಕಾವಲುಗಾರನದು ಒಂದು, ಅಪಾರ್ಟ್‌ಮೆಂಟ್ ಸಮಿತಿಯದು ಇನ್ನೊಂದು, ಸಿಗ್ನಲ್ಲಿನಲ್ಲಿ ನಿಂತವರದು ಮತ್ತೊಂದು, ಫುಟ್‌ಪಾತ್ ತೆರವಿಗೆ ಬಂದ ಲಾರಿಯವರದು ಮಗದೊಂದು. ಎಲ್ಲವೂ ಬಂದು ಬೀಳುವುದು ಪೆಡಲ್ ತುಳಿಯುವವನ ತಲೆಯ ಮೇಲೆ.

ಮೊನ್ನೆ ನಡೆದದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಕೆಲಸ ಮಾಡುವ ರಾಯಚೂರು ಕಡೆಯ ಹುಡುಗ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಊಟ ತೆಗೆದುಕೊಂಡು ಹೋಗಿದ್ದ. ಗೇಟಿನಲ್ಲಿ ಸೈಕಲ್ ಒಳಗೆ ಬಿಡಲಿಲ್ಲ. ಒಳಗೆ ಬರುವ ಅತಿಥಿಗಳ ಕಾರಿಗೆ ಹಳದಿ ಬಣ್ಣ ಬಳಿದ ಜಾಗವಿದೆ, ಸ್ಕೂಟರಿಗೂ ಇದೆ. ಸೈಕಲ್ಲಿಗೆ ಮಾತ್ರ 'ಹೊರಗೆ ಎಲ್ಲಾದರೂ ನಿಲ್ಲಿಸಿ ಬಾ'. ಆ ರಸ್ತೆಯಲ್ಲಿ ಹೊರಗೆ ಎಂದರೆ ಫುಟ್‌ಪಾತ್ ಬಿಟ್ಟರೆ ಬೇರೆ ಜಾಗವೇ ಇಲ್ಲ, ಡಾಂಬರಿನ ಅಂಚಿನವರೆಗೂ ಕಾರುಗಳು ನಿಂತಿರುತ್ತವೆ. ಅವನು ಗೋಡೆಗೆ ಒತ್ತಿ ಸೈಕಲ್ ನಿಲ್ಲಿಸಿದ. ಮೊಬೈಲಿನಲ್ಲಿ ಹೆಸರು ನಮೂದಿಸಿ, ಫೋಟೋ ತೆಗೆಸಿಕೊಂಡು, ಮನೆಯವರು ಒಪ್ಪಿಗೆ ಒತ್ತುವ ತನಕ ಬಿಸಿಲಿನಲ್ಲಿ ಕಾದ. ಆಮೇಲೆ ನಿವಾಸಿಗಳ ಲಿಫ್ಟ್ ಹತ್ತಬೇಡ ಎಂದರು. ಸಾಮಾನಿನ ಲಿಫ್ಟಿನಲ್ಲಿ ಯಾರದೋ ಮನೆಯ ಸೋಫಾ ಇಳಿಸುತ್ತಿದ್ದರು. ಮೆಟ್ಟಿಲು ಹತ್ತಿ ಊಟ ಕೊಟ್ಟು ಕೆಳಗೆ ಬರುವಷ್ಟರಲ್ಲಿ ಸೈಕಲ್ಲೇ ಇರಲಿಲ್ಲ. ಫುಟ್‌ಪಾತ್ ತೆರವು ಮಾಡುವವರು ತಳ್ಳುಗಾಡಿಯೊಂದರ ಜೊತೆಗೆ ಅದನ್ನೂ ಎತ್ತಿ ಲಾರಿಗೆ ಹಾಕಿಕೊಂಡು ಹೋಗಿದ್ದರು. ಡಬ್ಬದಲ್ಲಿ ಇನ್ನೂ ಎರಡು ಮನೆಗಳ ಊಟವಿತ್ತು.

ಅವನು ಫೋನ್ ಮಾಡಿದಾಗ ಮೊದಲು ಹೇಳಿದ್ದು ಸೈಕಲ್ಲಿನ ಮಾತಲ್ಲ. "ಅಕ್ಕಾ, ಮೇಲಿನ ಕ್ರಾಸಿನ ಅಜ್ಜಿ ಊಟ ಮಾಡಿಯೇ ಮಾತ್ರೆ ತೆಗೆದುಕೊಳ್ಳಬೇಕು. ಇವತ್ತು ತಡವಾಗುತ್ತದೆ ಎಂದು ಅವರಿಗೆ ತಿಳಿಸಿಬಿಡಿ" ಎಂದ. ಇಂಥ ಹುಡುಗನಿಗೆ ಈ ನಗರ ಕೊಡುವ ಮರ್ಯಾದೆ ಅದು.

ಸೈಕಲ್ ಬಿಡಿಸಿಕೊಳ್ಳಲು ನಾನೇ ಹೋದೆ. ಅಂಗಳದಲ್ಲಿ ಮುರಿದ ಬೋರ್ಡುಗಳು, ತಕ್ಕಡಿಗಳು, ತಳ್ಳುಗಾಡಿಯ ಚಕ್ರಗಳ ನಡುವೆ ನಮ್ಮ ಸೈಕಲ್ ಅಡ್ಡ ಬಿದ್ದಿತ್ತು. ದೂರದಿಂದಲೇ ಗುರುತು ಸಿಕ್ಕಿತು. ದೊಡ್ಡ ಡಬ್ಬ ಕೂರಲೆಂದು ವೆಲ್ಡಿಂಗ್ ಮಾಡಿಸಿ ಅಗಲ ಮಾಡಿದ ಕ್ಯಾರಿಯರ್, ಹಳೆಯ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿ, ಚೈನ್ ಕವರಿನ ಮೇಲೆ ಹುಳಿ ಚೆಲ್ಲಿ ಉಳಿದ ಅರಿಶಿನದ ಕಲೆ. ಡಬ್ಬ ಪಕ್ಕದಲ್ಲಿ ಮಗುಚಿಕೊಂಡಿತ್ತು, ಅನ್ನಕ್ಕೆ ಇರುವೆ ಮುತ್ತಿತ್ತು. "ಇದು ನಿಮ್ಮದೇ ಎನ್ನುವುದಕ್ಕೆ ದಾಖಲೆ ಏನಿದೆ?" ಎಂದು ಕೇಳಿದರು. ಎಲ್ಲಿಂದ ತರಲಿ ದಾಖಲೆ? ಸೈಕಲ್ಲಿನ ಫ್ರೇಮಿನ ಮೇಲೆ ಕಂಪನಿಯವರು ಒತ್ತಿದ ಸಂಖ್ಯೆ ಇರುತ್ತದೆ, ಅದನ್ನು ಯಾರ ಹೆಸರಿನಲ್ಲಿ ಬರೆಸಿಡಬೇಕು? ಸಂಜೆಯವರೆಗೆ ಕಾಯಿಸಿ ಕೊನೆಗೆ ಕೊಟ್ಟರು. ದಂಡ ಎಷ್ಟು ಎಂದರೆ ಸೈಕಲ್ಲಿನ ದರ ಅವರ ಪಟ್ಟಿಯಲ್ಲಿ ಇರಲಿಲ್ಲ. ರಸೀದಿಯೂ ಇಲ್ಲ. ಇನ್ನೊಮ್ಮೆ ಹೀಗೆ ನಿಲ್ಲಿಸಬೇಡಿ ಎಂದರು. ಹಾಗಾದರೆ ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದ್ದಕ್ಕೆ, ಅದು ಅವರಿಗೆ ಸಂಬಂಧಪಟ್ಟದ್ದಲ್ಲವಂತೆ.

ನಮ್ಮ ತಂದೆಯ ಕಾಲದಲ್ಲಿ ಪುರಸಭೆಯವರು ಸೈಕಲ್ಲಿಗೆ ತೆರಿಗೆ ಕಟ್ಟಿಸಿಕೊಂಡು ಬಿಲ್ಲೆ ಕೊಡುತ್ತಿದ್ದರು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು. ಆ ಕಾಟ ವಾಪಸು ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಬಿಲ್ಲೆಯಲ್ಲಿ ಒಂದು ಸಂಖ್ಯೆ ಇತ್ತು. ಈ ಸೈಕಲ್ ಇಂಥವರದು ಎಂದು ಊರು ಒಪ್ಪಿಕೊಂಡಿತ್ತು. ಇವತ್ತು ಕಾರಿಗೆ ಸಂಖ್ಯೆ ಇದೆ, ನಾಯಿಗೂ ಪರವಾನಗಿ ಇದೆ, ನಾಲ್ಕು ಮನೆಯ ಅನ್ನ ಹೊರುವ ಸೈಕಲ್ಲಿಗೆ ಯಾವ ಗುರುತೂ ಇಲ್ಲ.

1988ರ ಮೋಟಾರು ವಾಹನ ಕಾಯ್ದೆಗೆ ಸೈಕಲ್ ವಾಹನವೇ ಅಲ್ಲ. ಬ್ಯಾಟರಿ ಸೈಕಲ್ಲಿನ ಕಥೆಯೂ ಹಾಗೆಯೇ. ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ನೋಂದಣಿ ಬೇಡ, ಚಾಲನಾ ಪರವಾನಗಿ ಬೇಡ, ನಂಬರ್ ಪ್ಲೇಟ್ ಬೇಡ. ಆ್ಯಪ್ ಕಂಪನಿಗಳಿಗೆ ದುಡಿಯುವ ಸಾವಿರಾರು ಹುಡುಗರು ಇಂಥ ಗಾಡಿಗಳನ್ನೇ ಬಾಡಿಗೆಗೆ ಹಿಡಿದಿರುವುದು ಇದೇ ಕಾರಣಕ್ಕೆ. ಊರು ಬಿಟ್ಟು ಬಂದವನಿಗೆ, ಲೈಸೆನ್ಸ್ ಇಲ್ಲದವನಿಗೆ ಅದರಿಂದ ಅನ್ನ ಸಿಗುತ್ತದೆ. ಸಂತೋಷವೇ. ಆದರೆ ಅವನಿಗೆ ಹೆಲ್ಮೆಟ್ ಕೊಡುವವರು ಯಾರು? ಬ್ರೇಕಿನ ರಬ್ಬರ್ ಸವೆದಿದೆಯೇ ಎಂದು ನೋಡುವವರು ಯಾರು? ಅವನು ಒಬ್ಬ ಮುದುಕರಿಗೆ ಡಿಕ್ಕಿ ಹೊಡೆದರೆ ಆಸ್ಪತ್ರೆಯ ಖರ್ಚು ಕೊಡುವವರು ಯಾರು?

ಫುಟ್‌ಪಾತಿನ ಮೇಲೆ ಗಾಡಿ ಓಡಿಸುತ್ತಾರೆ, ಎದುರು ದಿಕ್ಕಿನಿಂದ ನುಗ್ಗುತ್ತಾರೆ ಎಂದು ಬೈಯುವವರ ಸಿಟ್ಟು ನನಗೂ ಅರ್ಥವಾಗುತ್ತದೆ. ನಮ್ಮ ಅತ್ತೆ ಕೋಲು ಹಿಡಿದು ನಡೆಯುವವರು. ಫುಟ್‌ಪಾತಿನಲ್ಲಿ ಹಿಂದಿನಿಂದ ಸದ್ದಿಲ್ಲದೆ ಬ್ಯಾಟರಿ ಗಾಡಿ ಬಂದರೆ ಅವರ ಎದೆ ಒಡೆದುಹೋಗುತ್ತದೆ. ನಮ್ಮ ಹುಡುಗರು ಫುಟ್‌ಪಾತ್ ಹತ್ತಿದ್ದು ಗೊತ್ತಾದರೆ ನಾನು ಸುಮ್ಮನೆ ಬಿಡುವುದಿಲ್ಲ. ಆದರೆ ಹತ್ತು ನಿಮಿಷದಲ್ಲಿ ತಲುಪಿಸುತ್ತೇವೆ ಎಂದು ಜಾಹೀರಾತು ಕೊಟ್ಟು, ದೂರವನ್ನು ನಿಮಿಷಕ್ಕೆ ಕಟ್ಟಿಹಾಕಿದವರನ್ನು ಬಿಟ್ಟು, ಆ ನಿಮಿಷದ ಹಿಂದೆ ಓಡುವವನನ್ನು ಮಾತ್ರ ಅಡ್ಡಗಟ್ಟಿ ನಿಲ್ಲಿಸುವುದು ಯಾವ ನ್ಯಾಯ? ಮಾಲೀಕರನ್ನು ಕರೆದು ಕೇಳಿ. ನನ್ನನ್ನೂ ಕರೆದು ಕೇಳಿ.

ನ್ಯೂಯಾರ್ಕ್ ನಗರದ ನಿಯಮದಲ್ಲಿ ನನಗೆ ಹಿಡಿಸಿದ್ದು ಇದೇ. ಅಲ್ಲಿ ಸೈಕಲ್ಲಿನಲ್ಲಿ ಊಟ ಕಳಿಸುವ ಹೋಟೆಲಿನವರು ಸವಾರನಿಗೆ ತಮ್ಮ ಖರ್ಚಿನಲ್ಲಿ ಹೆಲ್ಮೆಟ್ ಕೊಡಬೇಕು. ಅಂಗಡಿಯ ಹೆಸರು, ಸವಾರನ ಸಂಖ್ಯೆ ಎರಡೂ ಕಾಣುವ ಹೊಳೆಯುವ ಮೇಲಂಗಿ ಕೊಡಬೇಕು. ಸೈಕಲ್ಲಿಗೆ ಗಂಟೆ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಸರಿಯಾದ ಬ್ರೇಕ್ ಇರಬೇಕು. ಸವಾರರ ಹೆಸರಿನ ಪುಸ್ತಕ ಇಡಬೇಕು, ಅವರಿಗೆ ಸುರಕ್ಷತೆಯ ಪಾಠ ಆಗಿರಬೇಕು, ನಿಯಮಗಳ ಫಲಕವನ್ನು ಅಂಗಡಿಯಲ್ಲಿ ತೂಗುಹಾಕಬೇಕು. ತಪ್ಪಿದರೆ ದಂಡದ ಚೀಟಿ ಅಂಗಡಿಗೆ ಬರುತ್ತದೆ. ಅಲ್ಲಿ ಎಲ್ಲವೂ ನ್ಯಾಯವಾಗಿಯೇ ನಡೆದಿದೆ ಎಂದು ನಾನು ಹೇಳುವುದಿಲ್ಲ. 2020ರಲ್ಲಿ ರಾಜ್ಯದ ಕಾನೂನು ಬದಲಾಗುವ ತನಕ ಎಕ್ಸಲರೇಟರ್ ಇರುವ ಬ್ಯಾಟರಿ ಸೈಕಲ್ ತುಳಿದ ಬಡ ವಲಸೆಗಾರರಿಗೆ 500 ಡಾಲರ್ ದಂಡ ಬೀಳುತ್ತಿತ್ತು, ಗಾಡಿಯನ್ನೂ ಕಸಿದುಕೊಳ್ಳುತ್ತಿದ್ದರು. ಆ ಜನ ಸಂಘ ಕಟ್ಟಿಕೊಂಡು ಬೀದಿಗಿಳಿದ ಮೇಲೆ 2021ರಲ್ಲಿ ನಗರಸಭೆ ಆ್ಯಪ್ ಸವಾರರಿಗಾಗಿ ಕಾನೂನುಗಳನ್ನು ಮಾಡಿತು. ಊಟ ತೆಗೆದುಕೊಳ್ಳಲು ಬಂದವನಿಗೆ ಹೋಟೆಲಿನವರು ಶೌಚಾಲಯ ಬಳಸಲು ಬಿಡಬೇಕು ಎನ್ನುವುದು ಅವುಗಳಲ್ಲಿ ಒಂದು. 2023ರ ಕೊನೆಗೆ ಗಂಟೆಗೆ 17.96 ಡಾಲರಿನ ಕನಿಷ್ಠ ಸಂಬಳವೂ ಜಾರಿಗೆ ಬಂತು.

ಶೌಚಾಲಯದ ಮಾತು ಓದಿದಾಗ ನನಗೆ ಕಣ್ಣು ತುಂಬಿತು. ನಮ್ಮ ಹುಡುಗರು ಹೊರಡುವ ಮೊದಲು ನೀರು ಕುಡಿಯುವುದಿಲ್ಲ. ಬೇಸಿಗೆಯಲ್ಲೂ ಕುಡಿಯುವುದಿಲ್ಲ. ಕಾರಣ ಕೇಳಿದರೆ ತಲೆ ತಗ್ಗಿಸುತ್ತಾರೆ. ದಿನವೂ ಊಟ ತರಿಸಿಕೊಳ್ಳುವ ಕಚೇರಿಗಳಲ್ಲೇ ಅವರನ್ನು ಶೌಚಾಲಯಕ್ಕೆ ಬಿಡುವುದಿಲ್ಲ.

ಇಲ್ಲಿ ನನ್ನ ಅಡುಗೆಮನೆಗೆ ಉದ್ದಿಮೆ ಪರವಾನಗಿ ಇದೆ, ಆಹಾರ ಸುರಕ್ಷತೆಯ ನೋಂದಣಿ ಇದೆ. ಜಾಗ ಎಷ್ಟು ಚದರ ಅಡಿ, ರುಬ್ಬುವ ಯಂತ್ರ ಎಷ್ಟು ಎಚ್‌ಪಿ, ಕಸ ಎಲ್ಲಿಗೆ ಹೋಗುತ್ತದೆ, ಎಲ್ಲವನ್ನೂ ಕೇಳುತ್ತಾರೆ. ಬಾಗಿಲು ದಾಟಿದ ಮೇಲೆ ಆ ಊಟ ಹೇಗೆ ಹೋಗುತ್ತದೆ, ಯಾರು ಹೊರುತ್ತಾರೆ, ಅವರ ತಲೆಗೆ ಏನಿದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೆಲಸದ ವೇಳೆ ಪೆಟ್ಟಾದರೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು 1923ರಲ್ಲೇ ಬಂದಿದೆ. ಅದನ್ನು ನಾನು ಒಪ್ಪುತ್ತೇನೆ, ಹುಡುಗರಿಗೆ ಅಪಘಾತ ವಿಮೆಯನ್ನೂ ಮಾಡಿಸಿದ್ದೇನೆ, ಹೆಲ್ಮೆಟ್ಟು, ಹಿಂದಿನ ದೀಪ, ಗಂಟೆ ಎಲ್ಲ ಕೊಡಿಸಿದ್ದೇನೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಪಕ್ಕದ ಬೀದಿಯಲ್ಲಿ ಒಬ್ಬರು ಇದ್ಯಾವುದನ್ನೂ ಕೊಡದೆ ನನಗಿಂತ ಕಡಿಮೆ ಬೆಲೆಗೆ ಊಟ ಕಳಿಸುತ್ತಾರೆ. ಕೊಡುವವರಿಗೆ ನಷ್ಟ, ಕೊಡದವರಿಗೆ ಲಾಭ ಎಂಬ ಸ್ಥಿತಿಯನ್ನು ಇಟ್ಟುಕೊಂಡು ಯಾವ ಹುಡುಗನ ತಲೆ ಉಳಿಯುತ್ತದೆ?

ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಒಂದೊಂದು ಕೆಲಸದ ಲೆಕ್ಕದಲ್ಲಿ ದುಡಿಯುವವರ, ಕಾಯ್ದೆ ತಂದಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯಿಂದ ಕಲ್ಯಾಣ ಶುಲ್ಕ, ಕಾರ್ಮಿಕರಿಗೆ ಮಂಡಳಿ, ಕಾರಣ ತಿಳಿಸದೆ ಕೆಲಸದಿಂದ ತೆಗೆಯುವುದಕ್ಕೆ ತಡೆ. ಬಹಳ ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಅದು ಆ್ಯಪ್ ಕಂಪನಿಗಳಿಗೆ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗರು, ಹಾಲಿನ ಪ್ಯಾಕೆಟ್ ಹಾಕುವವರು, ಕ್ಯಾರಿಯರಿನ ಎರಡೂ ಕಡೆ ನೀರಿನ ಕ್ಯಾನ್ ಕಟ್ಟಿಕೊಂಡು ತಳ್ಳುವವರು, ಔಷಧದ ಅಂಗಡಿಯವರು, ನನ್ನಂಥ ಅಡುಗೆಯವರು ಅದರೊಳಗೆ ಬರುವುದಿಲ್ಲ.

ಇನ್ನು ರಸ್ತೆ. ಜಯನಗರದಲ್ಲಿ ಹಣ ಖರ್ಚು ಮಾಡಿ ಸೈಕಲ್ ಪಥ ಮಾಡಿದರು, ಅದರ ಮೇಲೆ ಕಾರು ನಿಂತವು. ಕೊರೊನಾ ವರ್ಷ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪಥ ಗುರುತು ಮಾಡಿದರು, ಕಂಬಗಳು ಒಂದೊಂದಾಗಿ ಮುರಿದುಬಿದ್ದವು. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗಾಗಿ ನಗರ ಭೂ ಸಾರಿಗೆ ನಿರ್ದೇಶನಾಲಯ ಮಸೂದೆಯ ಕರಡು ಸಿದ್ಧಪಡಿಸಿ ವರ್ಷಗಳೇ ಕಳೆದವು. ಪಾಲಿಕೆ ಒಂದಿದ್ದದ್ದು ಐದಾಯಿತು, ಮೇಲೆ ಒಂದು ಪ್ರಾಧಿಕಾರವೂ ಬಂತು. ಸೈಕಲ್ ನಿಲ್ಲಿಸಲು ಒಂದು ಕಬ್ಬಿಣದ ಕಂಬಿ ಎಲ್ಲಿದೆ ಎಂದು ಕೇಳಿದರೆ ಇವತ್ತೂ ಉತ್ತರವಿಲ್ಲ. ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ನಿಂತಾಗ ಕಾರಿನವರಿಗೆ ಕುಲುಕು ಅಷ್ಟೆ, ಡಬ್ಬ ಕಟ್ಟಿಕೊಂಡ ಸೈಕಲ್ಲಿನವನು ನೇರ ಬಸ್ಸಿನ ಚಕ್ರದ ಕಡೆಗೆ ಬೀಳುತ್ತಾನೆ. ಅವನು ಕ್ಷೇಮವಾಗಿ ವಾಪಸು ಬಂದು ಸ್ಟ್ಯಾಂಡ್ ಹಾಕುವ ಸದ್ದು ಕೇಳುವ ತನಕ ನನ್ನ ಕೈ ಕೆಲಸಕ್ಕೆ ಏಳುವುದಿಲ್ಲ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ನಿಮ್ಮ ಮನೆಯ ಊಟ ಹೊತ್ತು ಬಂದವನಿಗೆ ಲಿಫ್ಟ್ ಕೊಡದಿರುವುದು ಸುರಕ್ಷತೆಯ ಪ್ರಶ್ನೆಯಲ್ಲ. ಹೆಸರು, ಫೋಟೋ, ಫೋನ್ ಸಂಖ್ಯೆ ಎಲ್ಲ ಬರೆಸಿಕೊಂಡ ಮೇಲೆ ಇನ್ನೇನು ಭಯ? ಅವನ ಬೆವರಿನ ಪಕ್ಕ ನಿಲ್ಲಲು ನಿಮಗೆ ಇಷ್ಟವಿಲ್ಲ. ಅದನ್ನು ಸಮಿತಿಯ ಠರಾವು ಎಂದು ಗೋಡೆಗೆ ಅಂಟಿಸಿದ್ದೀರಿ. ಇದಕ್ಕೆ ನಮ್ಮ ಹಿರಿಯರು ಹಿಂದೆ ಬೇರೆ ಹೆಸರು ಇಟ್ಟಿದ್ದರು, ಅದು ನಿಮಗೂ ಗೊತ್ತು.

ಈ ಸಲ ಪರವಾನಗಿ ನವೀಕರಣದ ಅರ್ಜಿಯ ಜೊತೆಗೆ ನಾನು ಒಂದು ಪತ್ರ ಕೊಡುತ್ತಿದ್ದೇನೆ. ಸೈಕಲ್ಲಿನಲ್ಲಿ ತಲುಪಿಸುವ ಪ್ರತಿ ವ್ಯಾಪಾರದ ಪರವಾನಗಿಯಲ್ಲೇ ಸೈಕಲ್ಲುಗಳ ಸಂಖ್ಯೆ, ಸವಾರರ ಹೆಸರು ನಮೂದಾಗಲಿ. ಪ್ರತಿ ಸೈಕಲ್ಲಿಗೆ ಪಾಲಿಕೆಯೇ ಉಚಿತವಾಗಿ ಒಂದು ಗುರುತಿನ ಫಲಕ ಕೊಡಲಿ. ಹೆಲ್ಮೆಟ್, ದೀಪ, ಗಂಟೆ, ವಿಮೆ ಮಾಲೀಕರ ಹೊಣೆಯಾಗಲಿ, ಇಲ್ಲದಿದ್ದರೆ ದಂಡ ಮಾಲೀಕರಿಗೆ ಹಾಕಿ, ಹುಡುಗರ ಜೇಬಿಗೆ ಕೈ ಹಾಕಬೇಡಿ. ಅಷ್ಟನ್ನು ನಮ್ಮಿಂದ ಕೇಳಿದ ಮೇಲೆ ಪ್ರತಿ ಅಪಾರ್ಟ್‌ಮೆಂಟಿನ, ಪ್ರತಿ ಮಾರುಕಟ್ಟೆಯ ಮುಂದೆ ಸೈಕಲ್ ನಿಲ್ಲಿಸುವ ಜಾಗ ಗುರುತಿಸಿ ಕೊಡಿ, ಗೇಟಿನೊಳಗೆ ಬಿಡಬೇಕೆಂದು ಆದೇಶ ಮಾಡಿ. ಪತ್ರಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಆ ಕಚೇರಿಯಿಂದ ಕದಲುವುದಿಲ್ಲ. ಹಾಲು, ಪೇಪರ್, ನೀರು, ಔಷಧ, ಊಟ, ಏನನ್ನೇ ಆಗಲಿ ಸೈಕಲ್ಲಿನಲ್ಲಿ ಕಳಿಸುವವರು ನಿಮ್ಮ ನಿಮ್ಮ ಪಾಲಿಕೆಗೆ ಇದನ್ನೇ ಬರೆದು ಕೊಡಿ. ಒಂದೇ ಪತ್ರವಾದರೆ ಕಡತದ ಅಡಿಗೆ ಹೋಗುತ್ತದೆ.