ಬಲಗೈ ನಿಲ್ಲಬಾರದು

ಚರ್ಚಿನ ಆರಾಧನೆಗೆ ಗಿಟಾರ್ ನುಡಿಸಬೇಕು ಅಂತ ಕಲಿಯಲು ಕೂತವರು ತಿಂಗಳುಗಟ್ಟಲೆ ಎಡಗೈಯನ್ನೇ ನೋಡುತ್ತಿರುತ್ತಾರೆ. ನಾನೂ ಹಾಗೇ ಇದ್ದೆ. ಜಿ, ಸಿ, ಡಿ, ಇ ಮೈನರ್ ಅನ್ನೋ ಕಾರ್ಡ್‌ಗಳು, ಅಂದರೆ ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು. ಬೆರಳು ಸರಿಯಾಗಿ ಕೂತಿತಾ, ಒಂದೊಂದು ತಂತಿಯೂ ಚೆನ್ನಾಗಿ ಕೇಳಿಸ್ತಿದೆಯಾ ಅನ್ನೋದೇ ಚಿಂತೆ. ಬಲಗೈ ಏನು, ಸುಮ್ನೆ ಮೇಲೆ ಕೆಳಗೆ ಆಡಿದರಾಯ್ತು ಅಲ್ವಾ ಅಂದುಕೊಂಡಿದ್ದೆ.

ಸಭೆಯ ಮುಂದೆ ಮೊದಲ ಸಲ ನುಡಿಸಿದ ದಿನ ನನ್ನ ಬಂಡವಾಳ ಬಯಲಾಯಿತು. ಎರಡನೇ ಸಾಲಿನಲ್ಲಿ ಜಿ ಬಿಟ್ಟು ಸಿಗೆ ಹೋಗಬೇಕಿತ್ತು. ಉಂಗುರದ ಬೆರಳು ಐದನೇ ತಂತಿ ಬಿಟ್ಟು ನಾಲ್ಕನೆಯದರ ಮೇಲೆ ಕೂತಿತು. ನಾನು ನಿಲ್ಲಿಸಿಬಿಟ್ಟೆ. ಬಗ್ಗಿ ನೋಡಿ, ಒಂದೊಂದೇ ಬೆರಳು ಜೋಡಿಸಿಕೊಂಡು, ನಿಧಾನಕ್ಕೆ ಸರಿಯಾದ ಸಿ ಬಾರಿಸಿದೆ. ಅಷ್ಟರಲ್ಲಿ ಮುಂದೆ ಕೂತವರು ಹಾಡು ನಿಲ್ಲಿಸಿದ್ದರು. ಹಿಂದೆ ಕೂತವರು ಹಾಡುತ್ತಲೇ ಇದ್ದರು. ನನ್ನ ಸಿ ಇಬ್ಬರಿಗೂ ಸಂಬಂಧ ಇಲ್ಲದ ಜಾಗದಲ್ಲಿ ಬಂದು ಬಿತ್ತು. ಎಲ್ಲ ಮುಗಿದ ಮೇಲೆ ಒಬ್ಬರು ಅಜ್ಜಿ ಹತ್ತಿರ ಬಂದು ಕೇಳಿದರು: “ನೀನು ನಿಂತ್ಬಿಟ್ರೆ ನಾವೆಲ್ಲಿಗೆ ಹೋಗೋದು ಮಗಾ?”

ಅವರಿಗೆ ಸಿ ಯಾವುದು, ಡಿ ಯಾವುದು ಗೊತ್ತಿಲ್ಲ. ಆದರೆ ಗಿಟಾರ್ ಅಲ್ಲಿ ಯಾಕಿದೆ ಅನ್ನೋದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಕಛೇರಿಯಲ್ಲಿ ಜನ ವಾದ್ಯ ಕೇಳಲು ಬರುತ್ತಾರೆ. ಆರಾಧನೆಯಲ್ಲಿ ಜನ ತಾವೇ ಹಾಡಲು ಬರುತ್ತಾರೆ. ಅವರಿಗೆ ಬೇಕಾದದ್ದು ತಾಳ ಮತ್ತು ಶ್ರುತಿ, ಅಷ್ಟೇ. ಅದಕ್ಕೇ ಹೊಸಬರಿಗೆ ನಾನು ಹೇಳೋದು, ಮೊದಲು ಬಲಗೈ ಕಲಿಯಿರಿ. ಎಡಗೈಯಿಂದ ತಂತಿಗಳನ್ನು ಮೆಲ್ಲಗೆ ಮುಚ್ಚಿಕೊಂಡು, ತಾಳ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬರೀ ಟಕ್ ಟಕ್ ಅಂತ ಹೊಡೆಯಿರಿ. ಒಂದು, ಎರಡು, ಮೂರು, ನಾಲ್ಕು ಎಣಿಸುವಾಗ ಕೈ ಕೆಳಗೆ, ನಡುವಿನ ಅರ್ಧಕ್ಕೆ ಮೇಲೆ. ತಂತಿಗೆ ತಾಗಲಿ ಬಿಡಲಿ, ಕೈ ಗಡಿಯಾರದ ಲೋಲಕದಂತೆ ಆಡುತ್ತಲೇ ಇರಬೇಕು. ಕಾರ್ಡ್ ಬದಲಿಸಲು ಸಮಯ ಸಾಕಾಗದಿದ್ದರೆ ಕೊನೆಯ ಮೇಲ್‌ಹೊಡೆತದ ಹೊತ್ತಿಗೇ ಎಡಗೈ ಎತ್ತಿಬಿಡಿ. ಖಾಲಿ ತಂತಿಗಳ ಸದ್ದು ಬರುತ್ತದೆ. ಯಾರೂ ಗಮನಿಸಲ್ಲ. ದೊಡ್ಡ ದೊಡ್ಡ ವಾದಕರೂ ಇದನ್ನೇ ಮಾಡುತ್ತಾರೆ. ನಾನು ಇದನ್ನು ಕಂಡುಕೊಳ್ಳಲು ಒಂದು ವರ್ಷ ಹಾಳು ಮಾಡಿಕೊಂಡೆ.

ಎಡಗೈಗೆ ಒಂದು ಸುಲಭ ದಾರಿ ಇದೆ. (ತೀರಾ ತೆಳು ತಂತಿಯೇ ಒಂದನೆಯದು; ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ.) ಉಂಗುರದ ಬೆರಳು ಎರಡನೇ ತಂತಿಯ 3ನೇ ಫ್ರೆಟ್‌ನಲ್ಲಿ, ಕಿರುಬೆರಳು ಒಂದನೇ ತಂತಿಯ 3ನೇ ಫ್ರೆಟ್‌ನಲ್ಲಿ. ಇವೆರಡೂ ಅಲ್ಲೇ ಇರಲಿ. ಉಳಿದ ಎರಡು ಬೆರಳು ಮಾತ್ರ ಆಡಿಸಿದರೆ ಜಿ, ಸಿ ಆಡ್ 9, ಇ ಮೈನರ್ 7, ಡಿ ಸಸ್ 4 ನಾಲ್ಕೂ ಸಿಗುತ್ತವೆ. ಡಿ ಸಸ್ 4ಗಂತೂ ತೋರುಬೆರಳೊಂದೇ ಸಾಕು, ಮೂರನೇ ತಂತಿಯ 2ನೇ ಫ್ರೆಟ್. ಮೇಲಿನ ಎರಡು ಸ್ವರ ಬದಲಾಗದೆ ಮೊಳಗುತ್ತಲೇ ಇರುತ್ತವೆ. ಈಗಿನ ಎಷ್ಟೋ ಆರಾಧನೆ ಹಾಡುಗಳಲ್ಲಿ ಕೇಳಿಸುವ ಆ ತೆರೆದ ನಾದ ಇದರಿಂದಲೇ ಬರುವುದು.

ಕೇಪೋ, ಅಂದರೆ ಶ್ರುತಿ ಏರಿಸಲು ಗಿಟಾರ್ ಕತ್ತಿನ ಮೇಲೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್, ಹಾಕೋದು ಮೋಸ ಅನ್ನುವವರಿದ್ದಾರೆ. ನನಗೆ ಅವರ ಮೇಲೆ ಸ್ವಲ್ಪ ಕೋಪ ಇದೆ. ರೆಕಾರ್ಡಿಂಗ್‌ನಲ್ಲಿ ಹಾಡಿದವರ ದನಿ ಎಲ್ಲಿಗೆ ಬೇಕಾದರೂ ಏರುತ್ತದೆ, ನಮ್ಮ ಸಭೆಯವರದ್ದು ಏರಲ್ಲ. ಕೇಪೋ 4ನೇ ಫ್ರೆಟ್‌ನಲ್ಲಿಟ್ಟು ಜಿ ಹಿಡಿದರೆ ಕೇಳಿಸುವುದು ಬಿ. ಪಲ್ಲವಿ ಬಂದ ಕೂಡಲೇ ಗಂಡಸರು ಬಾಯಿ ಮುಚ್ಚಿಕೊಳ್ಳುತ್ತಿದ್ದಾರೆ ಅಂದರೆ ಶ್ರುತಿ ಜಾಸ್ತಿ ಆಯ್ತು ಅಂತಲೇ ಅರ್ಥ. ಕೇಪೋವನ್ನು 2ಕ್ಕೆ ತನ್ನಿ, ಎ ಆಗುತ್ತದೆ. ಬೆರಳು ಹಿಡಿಯುವ ರೀತಿ ಅದೇ. ಇದರಲ್ಲಿ ಮೋಸ ಎಲ್ಲಿಂದ ಬಂತು?

ಕಾರ್ಡ್‌ಗಳನ್ನು ಅಕ್ಷರದಲ್ಲಿ ಮಾತ್ರ ಅಲ್ಲ, ಹಾಡಿನ ಶ್ರುತಿಯಿಂದ ಎಣಿಸಿದರೆ ಎಷ್ಟನೇ ಸ್ವರ ಅನ್ನೋ ಅಂಕಿಯಲ್ಲೂ ನೆನಪಿಟ್ಟುಕೊಳ್ಳಿ. ಜಿ ಒಂದಾದರೆ ಸಿ ನಾಲ್ಕು, ಡಿ ಐದು, ಇ ಮೈನರ್ ಆರು. ಆಗ ಹಾಡು ನಡೆಸುವವರು ಬೆನ್ನ ಹಿಂದೆ ನಾಲ್ಕು ಬೆರಳು ತೋರಿಸಿದರೆ ಯಾವ ಶ್ರುತಿಯಲ್ಲಿದ್ದರೂ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ.

ಇನ್ನು ಗಿಟಾರ್ ದೇವಾಲಯಕ್ಕೆ ತಕ್ಕ ವಾದ್ಯ ಅಲ್ಲ ಅನ್ನುವ ಹಿರಿಯರು. ‘ಸೈಲೆಂಟ್ ನೈಟ್’ ಅನ್ನೋ ಕ್ರಿಸ್‌ಮಸ್ ಹಾಡನ್ನು ಮೊದಲು ಹಾಡಿದ್ದು 1818ರ ಕ್ರಿಸ್‌ಮಸ್ ಹಿಂದಿನ ದಿನ, ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ. ಪಕ್ಕವಾದ್ಯ ಗಿಟಾರ್. ಇಲಿ ಕಡಿದು ಚರ್ಚಿನ ಆರ್ಗನ್ ವಾದ್ಯ ಕೆಟ್ಟಿತ್ತು ಅನ್ನೋದು ಆಮೇಲೆ ಹುಟ್ಟಿದ ಕಥೆ, ಗಿಟಾರ್ ಇದ್ದದ್ದು ಮಾತ್ರ ನಿಜ. ಅವರೊಡನೆ ವಾದಕ್ಕೆ ಇಳಿಯದೆ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಹಾಗಂತ ಅವರ ದೂರಿನಲ್ಲಿ ಹುರುಳೇ ಇಲ್ಲ ಅಂತಲೂ ಅಲ್ಲ. ಪ್ರತಿ ಸಾಲಿನ ಸಂದಿಯಲ್ಲೂ ತನ್ನದೊಂದು ತುಣುಕು ತುರುಕುವ ಹುಡುಗನನ್ನು ನೋಡಿದರೆ ನನಗೂ ಆರ್ಗನ್ನೇ ಇರಲಿ ಅನ್ನಿಸುತ್ತದೆ.

ಇನ್ನೊಂದು ಮಾತು. ಕೇಪೋ ಹಾಕಿದ ಮೇಲೆ ತಂತಿಗಳ ಶ್ರುತಿ ಸ್ವಲ್ಪ ಏರುತ್ತದೆ, ಇನ್ನೊಮ್ಮೆ ಟ್ಯೂನ್ ಮಾಡಲೇಬೇಕು. ಆದರೆ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಆ ಕೆಲಸ ಬೇಡ. ನಾನು ಒಮ್ಮೆ ಮಾಡಿದೆ. ಟಿಂಗ್, ಟಿಂಗ್, ಟೊಂಯ್. ಪಾಸ್ಟರ್ ಒಂದೇ ಕಣ್ಣು ತೆರೆದು ನನ್ನನ್ನು ನೋಡಿ, ಪ್ರಾರ್ಥನೆ ಮುಂದುವರಿಸಿದರು.