ತಾತ್ಕಾಲಿಕ ಕಾನೂನು, ಖಾಯಂ ತನಿಖೆ

ಶ್ರೀಲಂಕಾದಲ್ಲಿ ಭಯೋತ್ಪಾದನೆ ತಡೆ ಕಾಯ್ದೆ ಅಂತ ಒಂದಿದೆ. 1979ರದ್ದು. ಹೆಸರಲ್ಲೇ ‘ತಾತ್ಕಾಲಿಕ’ ಅನ್ನುವ ಮಾತಿದೆ. ಮೂರು ವರ್ಷಕ್ಕೆ ಅಂತ ತಂದರು, 1982ರಲ್ಲಿ ಖಾಯಂ ಮಾಡಿದರು, ಹೆಸರು ಮಾತ್ರ ಹಾಗೇ ಉಳಿಸಿದರು. ಬಾಡಿಗೆಗೆ ಬಂದವನು ಮನೆಯನ್ನೇ ಬರೆಸಿಕೊಂಡು, ಬಾಗಿಲಿಗೆ ‘ಬಾಡಿಗೆದಾರ’ ಅಂತ ಬೋರ್ಡು ಹಾಕಿಕೊಂಡ ಹಾಗೆ.

ಈ ಕಾಯ್ದೆಯಡಿ 2009ರಲ್ಲಿ ಪತ್ರಕರ್ತ ತಿಸ್ಸೈನಾಯಗಂ ಅವರಿಗೆ 20 ವರ್ಷ ಕಠಿಣ ಸಜೆ ಆಯಿತು. ಸಿಕ್ಕಿದ್ದು ಬಾಂಬಲ್ಲ, ಲೇಖನ. ಮುಂದೆ ಕ್ಷಮಾದಾನವೂ ಬಂತು. ಅದನ್ನು ಪ್ರಕಟಿಸಿದ ದಿನ ಯಾವುದು ಗೊತ್ತಾ? 2010ರ ಮೇ 3, ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನ! ನಿಮ್ಮದೇ ಪರ್ಸು ಕದ್ದು, ಬಣ್ಣದ ಕಾಗದ ಸುತ್ತಿ ನಿಮಗೇ ಉಡುಗೊರೆ ಕೊಡೋದು ಅಂದರೆ ಇದೇ ಅಲ್ವಾ?

ಇನ್ನು ಭಾಷೆ ವಿಷಯ. 1956ರಲ್ಲಿ ಆಡಳಿತ ಭಾಷೆ ಸಿಂಹಳ ಒಂದೇ ಅಂದರು. 1987ರಲ್ಲಿ ತಮಿಳೂ ಇರಲಿ ಅಂದರು, ಇಂಗ್ಲಿಷನ್ನು ಕೊಂಡಿ ಭಾಷೆ ಮಾಡಿದರು. ಕಾಗದದ ಮೇಲೆ ಎಲ್ಲಾ ಸರಿ. ಠಾಣೆಯಲ್ಲಿ ಮಾತ್ರ ತಮಿಳಿನಲ್ಲಿ ಹೇಳಿದ ದೂರನ್ನು ಸಿಂಹಳದಲ್ಲಿ ಬರೆದುಕೊಂಡು, ‘ಇಲ್ಲಿ ಸಹಿ ಹಾಕಿ’ ಅಂದದ್ದು ಎಷ್ಟು ಸಲವೋ. ತಾನು ಯಾವುದಕ್ಕೆ ಸಹಿ ಹಾಕಿದೆ ಅಂತ ತಿಳಿಯಲು ದೂರು ಕೊಟ್ಟವನೇ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಬೇಕು.

ಬಂದೂಕಿಗೆ, ಜನರನ್ನು ಎತ್ತಿಕೊಂಡು ಹೋಗುತ್ತಿದ್ದ ಬಿಳಿ ವ್ಯಾನಿಗೆ ಈ ಭಾಷೆಯ ತಾಪತ್ರಯ ಇರಲಿಲ್ಲ. ತಮಿಳು ಪತ್ರಕರ್ತ ಶಿವರಾಂ ಅವರ ಹೆಣ 2005ರಲ್ಲಿ ಸಿಕ್ಕಿದ್ದು ಸಂಸತ್ತಿನ ಹತ್ತಿರ. ಇಂಗ್ಲಿಷ್ ಪತ್ರಿಕೆಯ ಸಂಪಾದಕ ಲಸಂತ ವಿಕ್ರಮತುಂಗ ಅವರನ್ನು 2009ರ ಜನವರಿ 8ರಂದು, ಆಫೀಸಿಗೆ ಹೋಗುವಾಗ, ಹಾಡಹಗಲೇ ಕೊಂದರು. ಸಿಂಹಳದ ವ್ಯಂಗ್ಯಚಿತ್ರಕಾರ ಪ್ರಗೀತ್ ಏಕನಲಿಗೊಡ 2010ರ ಜನವರಿಯಲ್ಲಿ ಕಾಣೆಯಾದರು. ತ್ರಿಭಾಷಾ ಸೂತ್ರ ಇಷ್ಟು ನಿಷ್ಠೆಯಿಂದ ಜಾರಿಯಾದ ಇನ್ನೊಂದು ಇಲಾಖೆ ಇದ್ದರೆ ತೋರಿಸಿ.

ಅಲ್ಲಿ ಸಂಘ ಕಟ್ಟೋದು ಸುಲಭ. 1935ರ ಕಾನೂನಿನಂತೆ ಏಳು ಜನ ಇದ್ದರೆ ನೋಂದಣಿಗೆ ಸಾಕು. ಬೇರೆ ಸಂಘಗಳು ಸಂಬಳ, ಬೋನಸ್ ಕೇಳುತ್ತವೆ. ಪತ್ರಕರ್ತರ ಸಂಘ ಅದನ್ನೂ ಕೇಳುತ್ತದೆ, ಜೊತೆಗೆ ‘ನಮ್ಮವರು ಎಲ್ಲಿ?’ ಅಂತಲೂ ಕೇಳಬೇಕು. ಹಾಗೆ ಕೇಳುತ್ತಿದ್ದ ಕಾರ್ಯನಿರತ ಪತ್ರಕರ್ತರ ಸಂಘದ ಕಾರ್ಯದರ್ಶಿ ಪೊದ್ದಲ ಜಯಂತ ಅವರನ್ನೇ 2009ರ ಜೂನ್ 1ರಂದು ಎತ್ತಿಕೊಂಡು ಹೋಗಿ, ಕಾಲು ಮುರಿದು, ಗಡ್ಡ ಕತ್ತರಿಸಿ, ರಸ್ತೆ ಬದಿಗೆ ಎಸೆದು ಹೋದರು. ಎಲ್‌ಟಿಟಿಇ ಜೊತೆಗಿನ ಯುದ್ಧ ಮುಗಿದು ಆಗಿನ್ನೂ ಎರಡು ವಾರ. ಅಂದರೆ, ಶಾಂತಿಯ ಕಾಲ.

ಲಸಂತ ಅವರನ್ನು ಕೊಂದದ್ದಕ್ಕೆ ಇವತ್ತಿಗೂ ಯಾರಿಗೂ ಶಿಕ್ಷೆ ಆಗಿಲ್ಲ. ‘ತನಿಖೆ ನಡೆಯುತ್ತಿದೆ’ ಅನ್ನುವ ಒಂದು ವಾಕ್ಯ ಮಾತ್ರ ಮೂರೂ ಭಾಷೆಗಳಲ್ಲಿ ಒಂದು ಕಾಗುಣಿತ ತಪ್ಪಿಲ್ಲದೆ ಬರುತ್ತದೆ.

ಜನವರಿ ಬಂದರೆ ಸಂಘದವರು ‘ಕಪ್ಪು ಜನವರಿ’ ಅಂತ ಫೋಟೊ ಹಿಡಿದು ಬೀದಿಗೆ ಬರುತ್ತಾರೆ. ಸರ್ಕಾರದಿಂದ ಅವರಿಗೆ ಒಂದು ಉಪಕಾರ ಅಂತೂ ಆಗಿದೆ. ಹೊಸ ಬೋರ್ಡು ಬರೆಸೋ ಖರ್ಚಿಲ್ಲ, ಹಳೆಯದರಲ್ಲಿ ಇಸವಿ ತಿದ್ದಿದರೆ ಆಯಿತು.