ಪುಟ್ಟನೂ ಫ್ಯಾನಿಯೂ

ಮನೆಸಾಲದ ಕಂತು ಮೂರು ದಿನ ತಡವಾಯಿತು. ಬ್ಯಾಂಕಿನಿಂದ ನೋಟೀಸು ಬಂತು. ನನ್ನ ಹೆಸರು, ಅಪ್ಪನ ಹೆಸರು, ಬಾಗಿಲ ಸಂಖ್ಯೆ, ಅದರ ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೊಸ ಬಿರುದು: ಸುಸ್ತಿದಾರ.

ಹಣದ ಲೋಕದಲ್ಲಿ ಮುದ್ದುಹೆಸರುಗಳೇ ಇಲ್ಲವೆಂದಲ್ಲ. ಅವೆಲ್ಲ ದೊಡ್ಡವರ ಪಾಲು, ಅಷ್ಟೆ. ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್ 'ಥ್ರೆಡ್‌ನೀಡಲ್ ಬೀದಿಯ ಮುದುಕಿ'. ಕೇಳಿದೊಡನೆ ಎಲೆಅಡಿಕೆ ಚೀಲ ಬಿಚ್ಚಿ ಮೊಮ್ಮಕ್ಕಳಿಗೆ ಎಂಟಾಣೆ ಕೊಡುವ ಅಜ್ಜಿ ಕಣ್ಣಿಗೆ ಕಟ್ಟುತ್ತಾಳೆ. ಆದರೆ ಹೆಸರು ಊರೆಲ್ಲ ಹಬ್ಬಿದ್ದು 1797ರಲ್ಲಿ ಜೇಮ್ಸ್ ಗಿಲ್ರೇ ಬರೆದ ವ್ಯಂಗ್ಯಚಿತ್ರದಿಂದ. ಒಂದು ಪೌಂಡಿನ ನೋಟುಗಳನ್ನೇ ಉಟ್ಟ ಮುದುಕಿ ಬೀಗ ಜಡಿದ ಪೆಟ್ಟಿಗೆಯ ಮೇಲೆ ಕುಳಿತು ಬೊಬ್ಬೆ ಹೊಡೆಯುತ್ತಿದ್ದಾಳೆ. ಪ್ರಧಾನಿ ವಿಲಿಯಂ ಪಿಟ್ ಮುದ್ದಿಸುವ ನೆಪದಲ್ಲಿ ಅವಳ ಕಿಸೆಗೆ ಕೈ ಹಾಕಿದ್ದಾನೆ. ಫ್ರಾನ್ಸಿನ ಜೊತೆ ಯುದ್ಧ, ಖಜಾನೆ ಬರಿದು. ಅದೇ ಫೆಬ್ರುವರಿಯಲ್ಲಿ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ್ದರು. ತಾತ್ಕಾಲಿಕವಾಗಿ. ಮತ್ತೆ ಕೊಡತೊಡಗಿದ್ದು 1821ರಲ್ಲಿ! ಇಪ್ಪತ್ತನಾಲ್ಕು ವರ್ಷ ಕೊಟ್ಟ ಮಾತಿಗೆ ತಪ್ಪಿದವಳನ್ನು ಯಾರೂ ಸುಸ್ತಿದಾರಳು ಎನ್ನಲಿಲ್ಲ. ಬ್ಯಾಂಕಿನವರಂತೂ 1921ರಲ್ಲಿ ತಮ್ಮ ಸಿಬ್ಬಂದಿ ಪತ್ರಿಕೆಗೆ ಆ ಮುದುಕಿಯ ಹೆಸರನ್ನೇ ಇಟ್ಟುಕೊಂಡರು.

ಅಮೆರಿಕದವರಿಗೆ ವ್ಯಂಗ್ಯಚಿತ್ರಕಾರನ ಹಂಗೂ ಬೇಕಾಗಲಿಲ್ಲ. ಬ್ಯಾಂಕುಗಳು ಕೊಟ್ಟ ಮನೆಸಾಲಗಳನ್ನು ಕೊಳ್ಳಲೆಂದು 1938ರಲ್ಲಿ ಹುಟ್ಟಿದ ಫೆಡರಲ್ ನ್ಯಾಷನಲ್ ಮಾರ್ಟ್‌ಗೇಜ್ ಅಸೋಸಿಯೇಷನ್ನಿನ ಮೊದಲಕ್ಷರಗಳನ್ನು ಹಿಗ್ಗಿಸಿ, ಜಗ್ಗಿಸಿ 'ಫ್ಯಾನಿ ಮೇ' ಮಾಡಿದರು. 1970ರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟಿದ, 'ಫ್ರೆಡ್ಡಿ ಮ್ಯಾಕ್'. ನಡುವೆ ಜಿನ್ನಿ ಮೇ; ಬಳಿಕ ವಿದ್ಯಾರ್ಥಿಸಾಲಕ್ಕೆಂದು ಸ್ಯಾಲಿ ಮೇ. ತುಂಬಿದ ಮನೆ. 2008ರ ಸೆಪ್ಟೆಂಬರಿನಲ್ಲಿ ಅಕ್ಕ, ತಮ್ಮ ಇಬ್ಬರೂ ಮಕಾಡೆ ಮಲಗಿದಾಗ ಸರಕಾರವೇ ಅವರನ್ನು ತನ್ನ ಸುಪರ್ದಿಗೆ ತೆಗೆದುಕೊಂಡು, ಒಬ್ಬೊಬ್ಬರಿಗೂ ಹತ್ತು ಸಾವಿರ ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಫ್ಯಾನಿಗೆ ಮೈಯಲ್ಲಿ ಹುಷಾರಿಲ್ಲ, ಫ್ರೆಡ್ಡಿಗೂ ಸುಸ್ತು ಎಂದರೆ ಮನಸ್ಸು ಕರಗದ ತೆರಿಗೆದಾರ ಯಾರು? ಪೂರ್ಣ ಹೆಸರು ಹಿಡಿದು ಕೂಗಿದ್ದರೆ ಪಾಪ, ಲೆಕ್ಕ ಕೇಳುತ್ತಿದ್ದನೋ ಏನೋ.

ಇಷ್ಟೆಲ್ಲ ತಿಳಿದ ಮೇಲೆ ನಾನೂ ಬ್ಯಾಂಕಿಗೆ ಫೋನ್ ಮಾಡಿದೆ. "ಮನೆಯಲ್ಲಿ ನನ್ನನ್ನು ಪುಟ್ಟ ಎಂದು ಕರೆಯುತ್ತಾರೆ, ಮುಂದಿನ ನೋಟೀಸಿನಲ್ಲಿ ಹಾಗೆಯೇ ಬರೆಯಬಹುದಲ್ಲವೇ?" ಎಂದು ಕೇಳಿದೆ.

ಆ ಕಡೆಯ ಹುಡುಗಿ ಒಂದು ಗಳಿಗೆ ಸುಮ್ಮನಿದ್ದಳು.

"ಸಾಲದ ಖಾತೆ ಸಂಖ್ಯೆ ಹೇಳಿ ಸರ್."